ಗಂಜಿ ಹಾಕಿದ ಪ್ಯಾರಾಚೂಟ್

ಗಂಜಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದೆ. ಇಸ್ತ್ರಿ ಅಂಗಡಿಯವನು ಬಿಳೀ ಪಂಚೆಯ ಮೇಲೆ ನೀರು ಚಿಮುಕಿಸಿ ಕಾದ ಪೆಟ್ಟಿಗೆ ಒತ್ತಿದ. ಬೆಂದ ಅಕ್ಕಿಯ ಆ ವಾಸನೆ ಎದ್ದಿತು, ನಾನು ನಿಂತುಬಿಟ್ಟೆ.

"ಏನ್ ತಾತ, ಬಟ್ಟೆ ಕೊಡೋದಿತ್ತಾ?" ಎಂದ.

"ಇಲ್ಲ ಕಣಪ್ಪ. ಒಂದು ಹಳೇ ಜಗಳ ನೆಪ್ಪಾಯ್ತು" ಎಂದೆ. ಅವನು ನಕ್ಕ. ನಗಲಿ ಬಿಡಿ. ಆ ಜಗಳಕ್ಕೆ ಅರ್ಧ ಹುಣಸೂರು ನನ್ನನ್ನು ಬೈದಿತ್ತು, ಉಳಿದರ್ಧ ನಕ್ಕಿತ್ತು. ನನ್ನದು ತಪ್ಪು ಎಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಅದು ಬಾಂಗ್ಲಾ ಯುದ್ಧ ಮುಗಿದ ಮೇಲಿನ ಎರಡನೇ ಮಳೆಗಾಲ. ನಾನು ಆಗಷ್ಟೇ ಸೇನೆ ಬಿಟ್ಟು ಊರಿಗೆ ಬಂದಿದ್ದೆ. ಹದಿನೈದು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಪ್ಯಾರಾಚೂಟ್ ಮಡಿಸುವುದು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರಡಿ, ಒಂದೊಂದು ಹೊಲಿಗೆಯನ್ನೂ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ, ಪದರ ಪದರವಾಗಿ ಮಡಿಸಿ ಚೀಲಕ್ಕೆ ತುಂಬಿ, ಚೀಟಿಯ ಮೇಲೆ 'ಪಾಸು' ಎಂದು ಬರೆದು ಹೆಸರು ಹಾಕಬೇಕು. ಅಲ್ಲೊಂದು ಕಟ್ಟಳೆಯಿತ್ತು. ಮಡಿಸಿದವನನ್ನು ಸಾಹೇಬರು ಯಾವತ್ತು ಬೇಕಾದರೂ ಕರೆದು, ನೀನು ಮಡಿಸಿದ್ದನ್ನು ನೀನೇ ಕಟ್ಟಿಕೊಂಡು ಹಾರು ಎನ್ನಬಹುದಿತ್ತು. ನನ್ನನ್ನು ನಾಲ್ಕು ಸಲ ಕರೆದಿದ್ದರು. ನಾಲ್ಕು ಸಲವೂ ಹಾರಿದೆ. ನಾನು ಕಟ್ಟಿಕೊಳ್ಳಲು ತಯಾರಿಲ್ಲದ ಗಂಟನ್ನು ಇನ್ನೊಬ್ಬನ ಬೆನ್ನಿಗೆ ಕಟ್ಟಬಾರದು ಎಂಬುದು ಅಲ್ಲಿ ನನ್ನ ಮೈಗೆ ಹತ್ತಿದ ಬುದ್ಧಿ.

ಊರವರಿಗೆ ಇದೆಲ್ಲ ತಮಾಷೆಯಾಗಿತ್ತು. ನಾವು ಮಡಿವಾಳರು. ಲಕ್ಷ್ಮಣತೀರ್ಥ ಹೊಳೆಯ ಕಲ್ಲಿನ ಮೇಲೆ ತಲೆತಲಾಂತರದಿಂದ ಊರಿನ ಬಟ್ಟೆ ಒಗೆದವರು. "ಇಲ್ಲೂ ಬಟ್ಟೆ ಮಡ್ಚೋದು, ಅಲ್ಲೂ ಬಟ್ಟೆ ಮಡ್ಚೋದು. ಇದಕ್ಕೆ ಅಷ್ಟು ದೂರ ಯಾಕ್ಲಾ ಓಗಿದ್ದೆ, ನಿಂಗ?" ಎಂದು ಕಾಫಿ ಹೋಟೆಲಿನಲ್ಲಿ ಕೇಳುತ್ತಿದ್ದರು. ನಾನು ಮೀಸೆ ಇನ್ನಷ್ಟು ಬಿಟ್ಟೆ.

ನಾನಿಲ್ಲದ ಹದಿನೈದು ವರ್ಷವೂ ಮನೆಗಳ ಬಟ್ಟೆ ಒಗೆದು ಸಂಸಾರ ನಡೆಸಿದವಳು ನನ್ನ ಹೆಂಡತಿ ದೇವೀರಮ್ಮ. ಅವಳ ಕೈಯ ಬಿಳುಪು ಪಿರಿಯಾಪಟ್ಟಣದವರೆಗೂ ಹೆಸರುವಾಸಿ. ಅವಳು ಒಗೆಯುತ್ತಿದ್ದ ಮನೆಗಳಲ್ಲಿ ದೊಡ್ಡದು ಹೊಗೆಸೊಪ್ಪಿನ ವ್ಯಾಪಾರಿ ಗುರುಸಿದ್ದಪ್ಪನವರದು. ಆ ಮನೆಗೂ ನಮಗೂ ಬರೀ ಕೊಳೆ ಬಟ್ಟೆಯ ನಂಟಲ್ಲ. ಅವರ ಮದುವೆಗಳಲ್ಲಿ ಗಂಡು ಚಪ್ಪರಕ್ಕೆ ಬರಿಗಾಲಲ್ಲಿ ನಡೆದು ಬರುವಾಗ ಕಾಲಡಿಗೆ ಒಗೆದ ಬಿಳೀ ಬಟ್ಟೆ ಹಾಸುತ್ತ ಹೋಗಬೇಕು. ಅದಕ್ಕೆ ನಡೆಮಡಿ ಎನ್ನುತ್ತಾರೆ. ಹಾಸುವ ಹಕ್ಕು ನಮ್ಮ ಮನೆಯದು. ಗುರುಸಿದ್ದಪ್ಪನವರ ಮದುವೆಗೆ ನಮ್ಮಪ್ಪ ಹಾಸಿದ್ದ.

ಅವರ ಒಬ್ಬನೇ ಮಗ ಶಂಭುಲಿಂಗ. ಊರಿಗೆಲ್ಲ ಶಂಭಣ್ಣ. ಹೊಗೆಸೊಪ್ಪಿನ ವ್ಯವಹಾರ ಕಲಿತು ಬಾ ಎಂದು ಅಪ್ಪ ಇಂಗ್ಲೆಂಡಿಗೆ ಕಳಿಸಿದರೆ, ಈ ಪುಣ್ಯಾತ್ಮ ಅಲ್ಲಿ ವಿಮಾನದಿಂದ ಹಾರುವುದು ಕಲಿತು ಬಂದಿದ್ದ. ಹನ್ನೊಂದು ಸಲ ಹಾರಿದ್ದನಂತೆ. ಬರುವಾಗ ಯಾರೋ ಬಳಸಿದ ಒಂದು ಪ್ಯಾರಾಚೂಟನ್ನೂ ಕೊಂಡು ತಂದಿದ್ದ. ಶ್ರಾವಣದಲ್ಲಿ ಅವರ ಹೊಸ ಗೋಡೌನಿನ ಪ್ರಾರಂಭೋತ್ಸವ. ಅವತ್ತು ವಿಮಾನದಿಂದ ಜಾಹೀರಾತಿನ ಚೀಟಿ ಚೆಲ್ಲಿಸಿ, ಹನಗೋಡು ರಸ್ತೆಯ ಬಯಲಿಗೆ ತಾನೇ ಆಕಾಶದಿಂದ ಇಳಿಯಬೇಕೆಂಬುದು ಅವನ ಹಟ. ವಿಮಾನ ಓಡಿಸುವ ಗೆಳೆಯನೊಬ್ಬ ಮೈಸೂರಿನ ವಿಮಾನದ ಬಯಲಿನಿಂದ ಬರಲು ಒಪ್ಪಿದ್ದ. ಮಡಿಸುವವನು ಬೇಕಿತ್ತು. ನನ್ನ ಮನೆಗೆ ಬಂದ.

ನಮ್ಮವರು ಆ ಮನೆಯವರಿಗೆ 'ಬುದ್ದೀ' ಎನ್ನುವುದು ವಾಡಿಕೆ. ನನ್ನ ನಾಲಿಗೆಯಿಂದ ಅದು ಸೇನೆಯಲ್ಲೇ ಉದುರಿಹೋಗಿತ್ತು. "ಬನ್ನಿ ಶಂಭಣ್ಣ, ಕೂತ್ಕಳಿ" ಎಂದೆ. ಅವನು ಯೋಚಿಸದೆ ಜಗಲಿಯ ಮೇಲೆ ಕೂತ. ಆ ಕ್ಷಣ ಅವನು ನನಗೆ ಇಷ್ಟವಾದ. ಅದಕ್ಕೇ ಮುಂದೆ ಅಷ್ಟು ಸಿಟ್ಟು ಬಂದದ್ದು.

ಅವನು ತಂದ ಪ್ಯಾರಾಚೂಟನ್ನು ಬಿಚ್ಚಿ ನೋಡಿದೆ. ಬಿಳೀ ನೈಲಾನ್, ಇಪ್ಪತ್ತೆಂಟು ಹಗ್ಗ. ಬಿಸಿಲಿಗೆ ಹಿಡಿದು ತೂತು ಹುಡುಕಿದೆ, ಹೊಲಿಗೆಯನ್ನು ಉಗುರಲ್ಲಿ ಕೆರೆದೆ, ಕೊಂಡಿಗಳಿಗೆ ತುಕ್ಕಿದೆಯೇ ನೋಡಿದೆ. ಚೆನ್ನಾಗಿತ್ತು. ಆದರೆ ಎದೆಗೆ ಕಟ್ಟುವ ಎರಡನೆಯದು, ರಿಸರ್ವ್ ಎನ್ನುತ್ತೇವಲ್ಲ, ಅದು ಇರಲಿಲ್ಲ.

"ಹನ್ನೊಂದು ಸಲಾನೂ ಒಂದೇ ಏಟಿಗೆ ಬಿಚ್ಕೊಂಡಿದೆ. ರಿಸರ್ವ್ ಯಾಕೆ ನಿಂಗಯ್ಯ?" ಎಂದ.

"ಹನ್ನೆರಡನೇದಕ್ಕೆ" ಎಂದೆ.

ಬೆಂಗಳೂರಿಗೆ ಬಸ್ಸಿನಲ್ಲಿ ಹೋದೆವು. ಹಳೇ ಸೈನ್ಯದ ಸಾಮಾನು ಮಾರುವವನ ಹತ್ತಿರ ಮೂರು ರಿಸರ್ವ್ ಇದ್ದವು. ಒಂದು ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಶಂಭಣ್ಣ ಅದನ್ನು ಎದೆಗೆ ಹಿಡಿದು ಕನ್ನಡಿ ನೋಡಿಕೊಂಡೂ ಆಯಿತು. ಅದರೊಳಗೆ ಚರಿತ್ರೆಯ ಚೀಟಿಯೇ ಇರಲಿಲ್ಲ. ಯಾವಾಗ ಹೊಲಿದದ್ದು, ಯಾರು ಮಡಿಸಿದ್ದು, ಎಷ್ಟು ಸಲ ಬಿಚ್ಚಿದ್ದು, ಒಂದೂ ಗೊತ್ತಿಲ್ಲ. ಎರಡನೆಯದನ್ನು ಮೂಗಿಗೆ ಹಿಡಿದರೆ ಬೂಷ್ಟಿನ ವಾಸನೆ. ಮೂರನೆಯದು ಬಣ್ಣ ಮಾಸಿ ನೆಲ ಒರೆಸುವ ಅರಿವೆಯಂತಿತ್ತು. ಆದರೆ ಚೀಟಿ ಪೂರ್ತಿ ಇತ್ತು, ದಾರ ಗಟ್ಟಿಯಿತ್ತು, ಎಳೆಯುವ ಪಿನ್ನು ಒಂದಿಷ್ಟೂ ಬಾಗದೆ ನುಣ್ಣಗೆ ಜಾರಿತು.

"ಇದು" ಎಂದೆ.

"ಇದನ್ನ ಕಟ್ಕೊಂಡು ಇಳಿದ್ರೆ ಜನ ಏನಂತಾರೆ?"

"ಇಳಿದ ಅಂತಾರೆ" ಎಂದೆ. ಮಾರುವವನು ಮುಖ ಆ ಕಡೆ ತಿರುಗಿಸಿ ನಕ್ಕ.

ಊರಿಗೆ ಬಂದ ಮೇಲೆ ನಮ್ಮ ಜಗಲಿಯಲ್ಲಿ ಕಟ್ಟಳೆಗಳ ವಾದ ಎರಡು ದಿನ ನಡೆಯಿತು. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದೊಂದಾಗಿ ಬರೆದೆವು. ಮೋಡ ಕೆಳಗಿದ್ದರೆ ಇಲ್ಲ. ಗಾಳಿ ಜಾಸ್ತಿಯಿದ್ದರೆ ಇಲ್ಲ. ಜಾಸ್ತಿ ಎಂದರೆ ಎಷ್ಟು ಎಂದು ಅವನು ಪಟ್ಟು ಹಿಡಿದ. ಒಳಗಿನಿಂದ ದೇವೀರಮ್ಮ ಬಂದು, "ತಂತಿ ಮ್ಯಾಲಿನ ಒದ್ದೆ ಪಂಚೆ ಅಡ್ಡಡ್ಡ ಪಟಪಟ ಬಡ್ಕೊಂಡ್ರೆ ಜಾಸ್ತಿ ಅನ್ರಿ. ಅದಕ್ಕಿಂತ ಇನ್ನೇನು ಬೇಕು?" ಎಂದಳು. ಅದನ್ನೇ ಬರೆದೆವು, ಅವಳು ಒಲೆಯ ಕಡೆ ಹೋದಳು. ಪ್ಯಾರಾಚೂಟನ್ನು ಮಡಿಸುವವನಲ್ಲದೆ ಬೇರೆ ಯಾರೂ ಮುಟ್ಟಕೂಡದು ಎಂದು ಬರೆದೆ. ಕೊನೆಗೆ, ಬೇಡ ಎನ್ನುವ ಹಕ್ಕು ಮಡಿಸಿದವನದು, ಅವನ ಮಾತೇ ಕೊನೆ ಎಂದು ಬರೆದೆ.

"ಇದೊಂದು ಜಾಸ್ತಿ ಆಯ್ತು ಕಣಯ್ಯ. ಹಾರೋನು ನಾನು" ಎಂದ.

"ಅದಕ್ಕೇ ನಿಮಗಲ್ಲ ಆ ಹಕ್ಕು. ನಿಮಗೆ ಹಾರೋ ಆಸೆ ಇದೆ. ನನಗಿಲ್ಲ."

ತಲೆ ಕೆರೆದುಕೊಂಡು ಸಹಿ ಹಾಕಿದ. ತಮಾಷೆಗೆ ಹಾಕಿದನೋ ಮನಸ್ಸಿಟ್ಟು ಹಾಕಿದನೋ ನಾನು ಕೇಳಲಿಲ್ಲ. ಸಹಿ ಸಹಿಯೇ.

ಉತ್ಸವಕ್ಕೆ ನಾಲ್ಕು ದಿನ ಇರುವಾಗ ನಾನು ಮೈಸೂರಿಗೆ ಹೋದೆ. ವಿಮಾನದ ಬಾಗಿಲು, ನಿಲ್ಲುವ ಜಾಗ ನೋಡಿ ಓಡಿಸುವವನ ಹತ್ತಿರ ಮಾತಾಡಬೇಕಿತ್ತು. ಮಳೆಗೆ ಅಲ್ಲಿ ಎರಡು ದಿನ ಸಿಕ್ಕಿಕೊಂಡೆ. ರಿಸರ್ವ್ ನನ್ನ ಟ್ರಂಕಿನಲ್ಲಿ ಬೀಗದೊಳಗಿತ್ತು. ದೊಡ್ಡದು, ಗಾಳಿಯಾಡಲಿ ಎಂದು ಗೋಡೌನಿನ ಒಳಗೆ ತೊಲೆಗೆ ನೇತುಹಾಕಿತ್ತು. ಬಾಗಿಲ ಕೀಲಿ ಶಂಭಣ್ಣನ ಹತ್ತಿರ.

ನಾನು ಆ ಕಡೆ ಹೋದದ್ದೇ ತಡ, ಗೆಳೆಯರು ಬಂದರೆಂದು ಅವನು ಅದನ್ನು ಕೆಳಗಿಳಿಸಿ ನೆಲದ ತುಂಬ ಹರಡಿ ತೋರಿಸಿದ್ದಾನೆ. ನೆಲದ ಮೇಲೆ ಹೊಗೆಸೊಪ್ಪಿನ ಅಂಟು. ಅಲ್ಲಲ್ಲಿ ಕಂದು ಕರೆ ಹಿಡಿಯಿತು. ಫೋಟೋ ತೆಗೆಯುವವರು ಬರುತ್ತಾರೆ, ಕರೆ ಕಂಡರೆ ಚೆನ್ನಾಗಿರುವುದಿಲ್ಲ. ಬೆಲ್ಟುಗಳಿಂದ ಕಳಚಿ, ಮನೆಯ ಹಾಸಿಗೆ ಹೊದಿಕೆಗಳ ಜೊತೆ ಗಂಟು ಕಟ್ಟಿಸಿ ಒಗೆಯಲು ಕಳಿಸಿಬಿಟ್ಟ. ಯಾರ ಮನೆಗೆ? ನನ್ನ ಮನೆಗೇ.

ಮಡಿವಾಳರ ಮನೆಗೆ ಬಟ್ಟೆ ಬಂದರೆ ಏನಾಗಬೇಕೋ ಅದೆಲ್ಲ ಆಯಿತು. ನಾನು ಮೈಸೂರಿನಿಂದ ಬಂದು ಚೀಲ ಇಳಿಸುವ ಮೊದಲೇ ದೇವೀರಮ್ಮ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅವಳ ಮುಖದಲ್ಲಿ ಅಂಥ ಹೆಮ್ಮೆ ನಾನು ನೋಡಿರಲಿಲ್ಲ.

"ನೋಡ್ರಿ ಎಂಗೆ ಬಂದದೆ. ಆ ಕರೆ ಓಗಿಸೋಕೆ ಸೌಳು ಮಣ್ಣಾಕಿ ಉಬ್ಬೆ ಹಬೇಲಿ ಬೇಯಿಸ್ದೆ. ನೈಸು ಬಟ್ಟೆ ಅಂತ ಕಲ್ಮ್ಯಾಲೆ ಮೆತ್ತಗೇ ಬಡ್ದೆ. ಎರಡು ಸಲ ಗಂಜಿ ಕುಡ್ಸಿವ್ನಿ, ಒಂದು ತೊಟ್ಟು ನೀಲಿ. ನೀವು ಮಡ್ಚೋದ ನೋಡಿದ್ನಲ್ಲ, ಅಂಗೇ ಮಡ್ಚಿವ್ನಿ. ಹಗ್ಗ ಸಿಕ್ಕಾಗ್ತವೆ ಅಂತ ಜಡೆ ಹೆಣೆದುಬುಟ್ಟೆ."

ಹಾಲಿನಂತೆ ಬೆಳ್ಳಗಿತ್ತು. ಮಡಿಕೆ ನನಗಿಂತ ಚೆನ್ನಾಗಿ ಕೂತಿತ್ತು. ಇಪ್ಪತ್ತೆಂಟು ಹಗ್ಗಗಳೂ ಮದುಮಗಳ ಜಡೆಯಾಗಿ ಪಕ್ಕದಲ್ಲಿ ಮಲಗಿದ್ದವು. ನಾನು ನೆಲದ ಮೇಲೆ ಕೂತುಬಿಟ್ಟೆ.

ಹೇಳಲೇಬೇಕಿತ್ತು, ಹೇಳಿದೆ. ಪ್ಯಾರಾಚೂಟಿನ ಒಂದು ಪದರ ಇನ್ನೊಂದು ಪದರಕ್ಕೆ ಒಂದಿಷ್ಟೂ ಅಂಟಬಾರದು, ಗಾಳಿ ತಾಗಿದ ಕೂಡಲೇ ಬಿಚ್ಚಿಕೊಳ್ಳಬೇಕು. ಗಂಜಿಯನ್ನಾದರೂ ಮತ್ತೆ ನೆನೆಸಿ ತೆಗೆಯಬಹುದು. ಉಬ್ಬೆಯಲ್ಲಿ ಬೆಂದದ್ದನ್ನು, ಕಲ್ಲಿನ ಮೇಲೆ ಬಡಿದದ್ದನ್ನು ಹಿಂದಕ್ಕೆ ಪಡೆಯುವುದು ಹೇಗೆ? ಕನ್ನಡಕ ಹಾಕಿಕೊಂಡು ಹೊಲಿಗೆ ನೋಡಿದೆ. ಆರೇಳು ಕಡೆ ದಾರದ ಎಳೆ ಎದ್ದಿತ್ತು.

ಅವಳು ಎದ್ದ ಎಳೆಗಳನ್ನು ಬೆರಳಲ್ಲಿ ಸವರಿದಳು. ಆಮೇಲೆ, "ನನ್ನ ಕೈಯಿಂದ ಒಂದು ಜೀವ ಓಗ್ತಿತ್ತಾ?" ಎಂದಳು.

"ನಿನ್ನ ಕೈಯಿಂದ ಅಲ್ಲ" ಎಂದೆ. "ಗಂಟಿಗಾಕಿದೋನ ಕೈಯಿಂದ."

ಗಂಟನ್ನು ಹೆಗಲಿಗೆ ಹಾಕಿಕೊಂಡು ಗೋಡೌನಿಗೆ ಹೋದೆ. ದೇವೀರಮ್ಮ ಹಿಂದೆಯೇ ಬಂದಳು. ಬೇಡವೆಂದರೂ ಕೇಳಲಿಲ್ಲ. ಮಾರನೆಯ ದಿನವೇ ಉತ್ಸವ. ಚಪ್ಪರ ಎದ್ದಿತ್ತು, ಬಣ್ಣದ ಕಾಗದ ಕಟ್ಟುತ್ತಿದ್ದರು. ಗುರುಸಿದ್ದಪ್ಪನವರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಶಂಭಣ್ಣ ಚೀಟಿಯ ಕಟ್ಟುಗಳನ್ನು ಎಣಿಸುತ್ತಿದ್ದ. ನಡೆದದ್ದನ್ನು ನಿಂತಲ್ಲೇ ಹೇಳಿದೆ.

ಶಂಭಣ್ಣನ ಮುಖ ಸಪ್ಪಗಾಯಿತು. ಆದರೂ, "ಗಂಜಿ ತಾನೆ? ರಾತ್ರಿ ನೀರಿಗೆ ಹಾಕಿ ಒಣಗ್ಸಿದ್ರಾಯ್ತು" ಎಂದ.

ನಾನು ಬಟ್ಟೆಯ ಎರಡು ಪದರವನ್ನು ಅಂಗೈಗಳ ನಡುವೆ ಒತ್ತಿ ಹಿಡಿದೆ. ಜಡಿಮಳೆಯ ತೇವ, ಮೈಯ ಬಿಸಿ, ಎರಡೂ ಸೇರಿ ಅಂಟಿಕೊಂಡವು. ಅವನ ಕಿವಿಯ ಹತ್ತಿರ ಹಿಡಿದು ಬಿಡಿಸಿದೆ. ಪರ್ ಎಂದಿತು.

"ಕೇಳಿಸ್ತಾ? ಈ ಸದ್ದು ಬರಬಾರದು. ಮತ್ತೆ ಈ ಮಳೇಲಿ ಒಂದೇ ರಾತ್ರಿಗೆ ಯಾವ ಬಟ್ಟೆ ಒಣಗುತ್ತೆ? ಒಣಗಿದರೂ ಹೊಲಿಗೆ ಹೋಗಿದೆ. ನೋಡಿ."

"ರಿಸರ್ವ್ ಇದೆಯಲ್ಲ" ಎಂದ. "ನೀನೇ ಆರಿಸಿದ್ದು. ಇದು ಕೈಕೊಟ್ರೆ ಅದನ್ನ ಎಳೀತೀನಿ. ಅದಿರೋದೇ ಅದಕ್ಕಲ್ವ?"

"ಅಲ್ಲ. ರಿಸರ್ವ್ ಇರೋದು ನಮಗೆ ಗೊತ್ತಿಲ್ಲದ ತಪ್ಪಿಗೆ. ಗೊತ್ತಿರೋ ತಪ್ಪಿಗಲ್ಲ. ಅರ್ಧ ಬಿಚ್ಚಿದ ಇದು ಮೇಲೆ ಒದ್ದಾಡ್ತಾ ಇದ್ರೆ ಅದನ್ನೂ ಸುತ್ತಿಕೊಳ್ಳುತ್ತೆ. ಆಗ ಮೂರನೇದು ಎಲ್ಲಿಂದ ತರ್ತೀರಿ?"

ಗುರುಸಿದ್ದಪ್ಪನವರಿಗೆ ತಾಳ್ಮೆ ಮುಗಿಯಿತು. ಅವರಿಗೆ ಹಾರುವುದೂ ಬೇಕಿರಲಿಲ್ಲ, ಹಾರದೆ ಇರುವುದೂ ಬೇಕಿರಲಿಲ್ಲ. ಕರೆದ ಜನರ ಮುಂದೆ ಮಾನ ಉಳಿದರೆ ಸಾಕಿತ್ತು. "ಲೇ ನಿಂಗ, ಊರೆಲ್ಲಾ ಡಂಗುರ ಆಗದೆ. ಜಿಲ್ಲೆಯೋರೆಲ್ಲ ಬತ್ತಾವ್ರೆ. ಬಟ್ಟೆ ಕೆಡಿಸಿದೋಳು ನಿನ್ನೆಂಡ್ರು. ಮೊದಲು ಅವಳ್ನ ವಿಚಾರ್ಸು. ಆಮೇಲೆ ಬಾಯಿ ಮುಚ್ಕೊಂಡು ಮಡ್ಚು" ಎಂದರು.

ದೇವೀರಮ್ಮ ತಲೆ ತಗ್ಗಿಸಿದಳು. ಹದಿನೈದು ವರ್ಷ ಒಬ್ಬಳೇ ಈ ಊರಿನ ಕೊಳೆ ಹೊತ್ತವಳು ಯಾರದೋ ತಪ್ಪಿಗೆ ತಲೆ ತಗ್ಗಿಸಿದ್ದು ನೋಡಿ ನನ್ನ ಮೈಯೆಲ್ಲ ಉರಿಯಿತು.

"ಅವಳ ಕೆಲಸ ಅವಳು ಮಾಡವ್ಳೆ. ಅದಕ್ಕಿಂತ ಚೆನ್ನಾಗಿ ಈ ತಾಲ್ಲೂಕಲ್ಲಿ ಯಾರೂ ಮಾಡಾಕಿಲ್ಲ. ಯಾರೂ ಮುಟ್ಟಬಾರದು ಅಂತ ಬರೆದ ಹಾಳೆಗೆ ಸಹಿ ಹಾಕಿದೋರು ನಿಮ್ಮ ಮಗ. ಮುಟ್ಟಿದೋರೂ ನಿಮ್ಮ ಮಗ. ನಾನು ಮಡ್ಚಾಕಿಲ್ಲ."

"ನೀನಲ್ದಿದ್ರೆ ನಾನೇ ಮಡ್ಚುತೀನಿ" ಎಂದ ಶಂಭಣ್ಣ. "ನನಗೂ ಬರುತ್ತೆ. ಕೊಡು ಇಲ್ಲಿ."

ಕೈ ಚಾಚಿ ಹತ್ತಿರ ಬಂದ. ಅವನ ಕಣ್ಣು ನೋಡಿದೆ. ಹಾರಿಯೇ ಹಾರುತ್ತಾನೆ ಎಂದು ಗೊತ್ತಾಯಿತು. ಅಪ್ಪನ ಮುಂದೆ, ಗೆಳೆಯರ ಮುಂದೆ, ಇನ್ನು ಅವನಿಗೆ ಹಿಂದೆ ಸರಿಯುವ ದಾರಿಯೇ ಇರಲಿಲ್ಲ.

ಗಿರಾಕಿಯ ಬಟ್ಟೆಗೆ ಕತ್ತರಿ ತಾಗಿಸುವುದು ಮಡಿವಾಳರಲ್ಲಿ ಆಗದ ಮಾತು. ಹರಿದ ಚಿಂದಿಯಾದರೂ ಎಣಿಸಿ ಹಿಂದಕ್ಕೆ ಕೊಡುವ ಮನೆತನ ನಮ್ಮದು. ಆದರೆ ನಾನು ಇನ್ನೊಂದು ಮನೆಯ ಅನ್ನವನ್ನೂ ಹದಿನೈದು ವರ್ಷ ಉಂಡಿದ್ದೆ. ಅಲ್ಲಿ ಕೆಟ್ಟ ಪ್ಯಾರಾಚೂಟನ್ನು ಮೂಲೆಯಲ್ಲಿಡುವುದಿಲ್ಲ. ಇಟ್ಟರೆ ಯಾರಾದರೊಬ್ಬ ಕಟ್ಟಿಕೊಳ್ಳುತ್ತಾನೆ. ಕೆಂಪು ಗುರುತು ಹಾಕಿ ಅಲ್ಲೇ ಕತ್ತರಿಸುತ್ತಾರೆ.

ಜೇಬಿನಲ್ಲಿ ಕೆಂಪು ಪೆನ್ಸಿಲ್ಲಿತ್ತು. ಬಟ್ಟೆಯ ಮೇಲೆ ದೊಡ್ಡ ಇಂಟು ಗುರುತು ಎಳೆದೆ. ಚೀಲದಿಂದ ಕತ್ತರಿ ತೆಗೆದು ಮೊದಲು ಆ ಜಡೆಗೇ ಹಾಕಿದೆ. ಹೆಣೆದ ಇಪ್ಪತ್ತೆಂಟು ಹಗ್ಗ, ಸುಲಭಕ್ಕೆ ತುಂಡಾಗಲಿಲ್ಲ, ನಾಲ್ಕು ಸಲ ಒತ್ತಬೇಕಾಯಿತು. ಆಮೇಲೆ ಬಟ್ಟೆಯನ್ನು ನೆತ್ತಿಯಿಂದ ಅಂಚಿನವರೆಗೆ ಪಟ್ಟಿ ಪಟ್ಟಿಯಾಗಿ ಸೀಳಿದೆ. ಬಣ್ಣದ ಕಾಗದ ಕಟ್ಟುವವರು ಏಣಿಯ ಮೇಲೇ ನಿಂತುಬಿಟ್ಟರು.

"ಪೊಲೀಸಿಗೆ ಕೊಡ್ತೀನಿ ಕಣ್ಲಾ" ಎಂದರು ಗುರುಸಿದ್ದಪ್ಪನವರು.

"ಕೊಡಿ. ಕ್ಯಾಲೆಂಡರ್ ಹಾಳೇನೂ ಜೊತೆಗೆ ಕೊಡಿ" ಎಂದೆ. ಕತ್ತರಿ ಚೀಲಕ್ಕೆ ಹಾಕಿ ಮನೆಗೆ ನಡೆದೆ. ದಾರಿಯುದ್ದಕ್ಕೂ ದೇವೀರಮ್ಮ ಒಂದೇ ಮಾತು ಆಡಿದ್ದು. "ನಾನು ಮಡಿ ಮಾಡಿದ ಬಟ್ಟೆ ಕಣ್ರೀ ಅದು" ಎಂದಳು.

ಮಾರನೆಯ ದಿನ ವಿಮಾನ ಬಂತು. ಚೀಟಿಗಳು ಉದುರಿದವು, ಮನುಷ್ಯ ಉದುರಲಿಲ್ಲ. ಎಚ್.ಡಿ. ಕೋಟೆ, ಕೆ.ಆರ್. ನಗರದಿಂದ ಗಾಡಿ ಕಟ್ಟಿಕೊಂಡು ಬಂದ ಜನ ಕತ್ತು ನೋಯಿಸಿಕೊಂಡು ಹೋದರು. ವಾರದೊಳಗೆ ದೊಡ್ಡ ಮನೆಯ ಬಟ್ಟೆ ನಮ್ಮಲ್ಲಿಗೆ ಬರುವುದು ನಿಂತಿತು. ಅವರನ್ನು ನೋಡಿ ಇನ್ನೂ ಏಳು ಮನೆಯವರು ನಿಲ್ಲಿಸಿದರು. ಗಿರಾಕಿಯ ಬಟ್ಟೆ ಕತ್ತರಿಸುವ ಮಡಿವಾಳ ಎಂದು ಕಂಪಲಾಪುರದ ಸಂತೆಯವರೆಗೂ ನನ್ನ ಹೆಸರು ಹೋಯಿತು. ಬೈಲಕುಪ್ಪೆಯ ಟಿಬೆಟಿನವರ ಕಂಬಳಿ ಒಗೆದುಕೊಂಡು ಆ ವರ್ಷ ದೂಡಿದೆವು. ಚಳಿಯಲ್ಲಿ ಹೊಳೆಯ ನೀರಿಗೆ ನಾನೂ ಇಳಿದೆ. ಕಂಬಳಿ ಹಿಂಡುತ್ತ ಒಂದು ದಿನ ದೇವೀರಮ್ಮ ಕೇಳಿದಳು.

"ಅದು ಬಿಚ್ಕತಿತ್ತೋ ಏನೋ ಅಲ್ವ?"

"ಬಿಚ್ಚಿಕೊಳ್ಳುತ್ತಿತ್ತೋ ಏನೋ" ಎಂದೆ. "ಆ 'ಏನೋ'ನ ಅವನ ಬೆನ್ನಿಗೆ ಕಟ್ಟೋಕೆ ನಾನು ತಯಾರಿರಲಿಲ್ಲ." ಅವಳು ಕಂಬಳಿಯ ಇನ್ನೊಂದು ತುದಿ ನನ್ನ ಕೈಗಿತ್ತಳು. ಆದರೆ ಅವಳ ನಗು ಶ್ರಾವಣದಲ್ಲಿ ಹೋದದ್ದು ಬಂದಿರಲಿಲ್ಲ. ಅದೊಂದೇ ನನಗೆ ನೋವು. ಊರು ಬೈದದ್ದು ಲೆಕ್ಕಕ್ಕಿರಲಿಲ್ಲ.

ಮಾಘದಲ್ಲಿ ಶಂಭಣ್ಣನ ಮದುವೆ ನಿಶ್ಚಯವಾಯಿತು. ನಡೆಮಡಿ ಹಾಸಲು ಬೇರೆ ಊರಿನವರಿಗೆ ಹೇಳಿದ್ದಾರೆ ಎಂಬ ಸುದ್ದಿ ಬಂತು. ನಾನು ಹೊರಗೆ ಏನೂ ತೋರಿಸಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ ಶಂಭಣ್ಣನ ತಾಯಿ ಗೌರಮ್ಮನವರು ಒಬ್ಬರೇ ನಮ್ಮ ಮನೆಗೆ ಬಂದರು. ಆ ಹೆಂಗಸು ಬೀದಿಗಿಳಿದದ್ದನ್ನೇ ನಾನು ನೋಡಿರಲಿಲ್ಲ. ಕಂಕುಳಲ್ಲಿ ಒಂದು ಗಂಟು. ದೇವೀರಮ್ಮನ ಮುಂದೆ ಬಿಚ್ಚಿದರು. ನಾನು ಸೀಳಿದ ಪಟ್ಟಿಗಳು. ಒಂದನ್ನೂ ಬಿಡದೆ ಆಯ್ದು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದರು.

"ಆವತ್ತು ನಾನು ದೇವರ ಮನೇಲಿ ಕೂತಿದ್ದೆ ಕಣಮ್ಮ" ಎಂದರು. "ಅಪ್ಪನೂ ಮಗನೂ ಹಾರೋ ಮಾತಾಡ್ತಿದ್ರು, ನನ್ನ ಒಬ್ರೂ ಕೇಳ್ಲಿಲ್ಲ. ಬ್ಯಾಡ ಅನ್ನೋಕೆ ಆ ಮನೇಲಿ ನನಗೆ ಬಾಯಿಲ್ಲ. ನಿನ್ನ ಯಜಮಾನ ಅಂದ. ನಡೆಮಡಿ ಹಾಸೋರು ನೀವೇ, ನಾನು ಹೇಳಿ ಬಂದಿವ್ನಿ. ಇಲ್ಲದಿದ್ರೆ ಧಾರೆಗೆ ನಾನು ನಿಲ್ಲಾಕಿಲ್ಲ ಅಂದೆ. ಬೇರೆ ಬಟ್ಟೆ ಬ್ಯಾಡ. ಇದನ್ನೇ ಹಾಸಿ." ಹೊರಟವರು ಬಾಗಿಲಲ್ಲಿ ತಿರುಗಿ, "ಗಂಜಿ ಹಾಕೇ ಹಾಸಿ" ಎಂದರು.

ದೇವೀರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ನಕ್ಕು ಅತ್ತಳು.

ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದೆವು. ಅವಳು ಒಗೆದಳು. ಈ ಸಲವೂ ಉಬ್ಬೆಗೆ ಹಾಕಿದಳು, ಕಲ್ಲಿಗೆ ಬಡಿದಳು, ಗಂಜಿ ಮೂರು ಸಲ ಕುಡಿಸಿದಳು, ಯಾರನ್ನೂ ಕೇಳಲಿಲ್ಲ. ನಾನು ಎಳೆದಿದ್ದ ಕೆಂಪು ಗುರುತನ್ನು ಮಾತ್ರ ಬೇಕೆಂದೇ ಬಿಟ್ಟಳು.

ಮದುವೆಯ ಬೆಳಿಗ್ಗೆ ಬಾಸಿಂಗ ಕಟ್ಟಿದ ಶಂಭಣ್ಣ ಬರಿಗಾಲಲ್ಲಿ ಚಪ್ಪರದ ಕಡೆ ಬಂದ. ಆರು ತಿಂಗಳಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಅವನ ಮುಂದೆ ನಾನು ಬಟ್ಟೆ ಬಿಚ್ಚುತ್ತ ಹೋಗುತ್ತಿದ್ದೆ, ನಡೆದು ಮುಗಿದ ಕಡೆಯಿಂದ ದೇವೀರಮ್ಮ ಸುತ್ತುತ್ತ ಬರುತ್ತಿದ್ದಳು. ಗುರುಸಿದ್ದಪ್ಪನವರು ಕಂಬದ ಪಕ್ಕ ಬೇರೆಲ್ಲೋ ನೋಡುತ್ತ ನಿಂತಿದ್ದರು. ಚಪ್ಪರಕ್ಕೆ ನಾಲ್ಕು ಹೆಜ್ಜೆ ಇರುವಾಗ ಕೆಂಪು ಗುರುತಿನ ಪಟ್ಟಿ ಬಿಚ್ಚಿಕೊಂಡಿತು. ಅವನು ಎತ್ತಿದ ಕಾಲು ಎತ್ತಿದಂತೆಯೇ ನಿಂತ. ವಾಲಗದವರು ಒಂದು ಸಲ ತಡವರಿಸಿದರು.

"ನಿಂಗಯ್ಯ, ಇದು ಅದೇ ಅಲ್ವ?" ಎಂದ, ನನಗೆ ಮಾತ್ರ ಕೇಳುವಂತೆ.

"ಅದೇ" ಎಂದೆ.

ಅವನು ಬಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. ಕಣ್ಣಲ್ಲಿ ನೀರು ಬಂತು. ಆದರೂ ದೊಡ್ಡ ಮನೆಯ ಮಗ, ಬಿಗುಮಾನ ಬಿಡಲಿಲ್ಲ.

"ಕಾಲಿಡಬೋದಾ?"

ನಾನು ಮೊಣಕಾಲೂರಿ ಅಂಚು ಹಿಡಿದಿದ್ದವನು ತಲೆ ಎತ್ತಿ ಅವನ ಮುಖ ನೋಡಿಯೇ ಹೇಳಿದೆ.

"ಇಡಿ ಶಂಭಣ್ಣ. ಇಷ್ಟು ಎತ್ತರಕ್ಕೆ ಪಾಸು."